ಸೆರೆಂಗೆಟಿಯ ಹಾದಿಗಳು

ಪೂರ್ವ ಆಫ್ರಿಕದ ಟಾಂಜಾನಿಯ ದೇಶದಲ್ಲಿ ಸೆರೆಂಗೆಟಿ ಎಂಬ ವಿಶಾಲವಾದ ಹುಲ್ಲುಗಾವಲಿದೆ. ವೈಲ್ಡ್‌ಬೀಸ್ಟ್ ಎಂಬ ಗಡ್ಡದ ಮೃಗಗಳೂ ಜೀಬ್ರಾಗಳೂ ಲಕ್ಷಗಟ್ಟಲೆಯಾಗಿ ಮಳೆಯ ಜಾಡನ್ನು ಹಿಡಿದು ವರ್ಷವಿಡೀ ಅಲ್ಲಿ ಸಂಚರಿಸುತ್ತವೆ. ಈ ಸಂಚಾರದ ಹಾದಿಗಳನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಜರ್ಮನಿಯ ಪಶುವೈದ್ಯ ಬರ್ನ್‌ಹಾರ್ಡ್ ಗ್ಜಿಮೆಕ್ ಪ್ರಮುಖರು.

ಗ್ಜಿಮೆಕ್ ಅವರು 1909ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ನೈಸೆ ಎಂಬ ಊರಿನಲ್ಲಿ ಜನಿಸಿದರು. 1945ರಲ್ಲಿ, ಯುದ್ಧದ ಬಾಂಬುಗಳಿಗೆ ಸಿಕ್ಕಿ ಹಾಳಾಗಿದ್ದ ಫ್ರಾಂಕ್‌ಫರ್ಟ್ ಮೃಗಾಲಯದ ಹೊಣೆಯನ್ನು ವಹಿಸಿಕೊಂಡು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. 1956ರಲ್ಲಿ ಅವರು ತಮ್ಮ ಮಗ ಮೈಕೇಲನೊಡನೆ ಆಫ್ರಿಕದ ವನ್ಯಮೃಗಗಳನ್ನು ಕುರಿತು ತಯಾರಿಸಿದ ಚಲನಚಿತ್ರವು ಅಪಾರ ಹಣವನ್ನು ತಂದುಕೊಟ್ಟಿತು. ಆ ಹಣವನ್ನು ತಂದೆಮಕ್ಕಳು ತಮ್ಮ ಸುಖಕ್ಕೆ ಬಳಸಲಿಲ್ಲ. ಆಗ ಟಾಂಗನ್ಯಿಕವನ್ನು ಆಳುತ್ತಿದ್ದ ಬ್ರಿಟಿಷ್ ಆಡಳಿತವು ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ಕಿರಿದುಗೊಳಿಸಲು ಯೋಚಿಸುತ್ತಿತ್ತು. ಭೂಮಿಯನ್ನು ಕೊಂಡು ಉದ್ಯಾನಕ್ಕೆ ಸೇರಿಸಲು ಹಣ ಕೊಡುವುದಾಗಿ ಅವರು ಮುಂದೆ ಬಂದರು. ಆದರೆ ಉದ್ಯಾನಗಳ ನಿರ್ದೇಶಕರಾಗಿದ್ದ ಪೀಟರ್ ಮೊಲಾಯ್ ಅವರು ಬೇರೊಂದು ಸಲಹೆಯನ್ನಿತ್ತರು: ಮೃಗಗಳು ಎಷ್ಟಿವೆ, ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದೇ ತಿಳಿಯದಿರುವಾಗ ಯಾವ ಭೂಮಿಯನ್ನು ಕೊಳ್ಳುವುದು? ಮೊದಲು ಅದನ್ನು ಕಂಡುಹಿಡಿಯಬೇಕು.

ಈ ಮಾತು ಅವರ ಮನಸ್ಸಿಗೆ ನಾಟಿತು. ಇಬ್ಬರೂ ವಿಮಾನ ನಡೆಸುವುದನ್ನು ಕಲಿತರು. ಮೈಗೆಲ್ಲ ಜೀಬ್ರಾದಂತೆ ಪಟ್ಟೆ ಬಳಿದ ಪುಟ್ಟ ವಿಮಾನವೊಂದನ್ನು 1957ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನಿಂದ ಆಫ್ರಿಕಕ್ಕೆ ತಾವೇ ಹಾರಿಸಿಕೊಂಡು ಹೋದರು. ಬಯಲಿನ ಮೇಲೆ ಪಟ್ಟಿಪಟ್ಟಿಯಾಗಿ ತಗ್ಗಿನಲ್ಲಿ ಹಾರುತ್ತ ಹಿಂಡುಗಳನ್ನು ಎಣಿಸಿದರು. ಲೆಕ್ಕ 3,66,980 ಎಂದಾಯಿತು. ಓಡುವ ಹಿಂಡನ್ನು ಮೇಲಿನಿಂದ ಎಣಿಸುವುದು ಸುಲಭವಲ್ಲ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದು ಮುಂದಿನ ಗಣತಿಗಳು ತೋರಿಸಿದವು. ಕೆಲವು ಮೃಗಗಳ ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿ ಅವುಗಳ ಜಾಡನ್ನು ಅನುಸರಿಸಿದರು. ಅವು ಮೇಯುವ ಹುಲ್ಲನ್ನು ಸಂಗ್ರಹಿಸಿ ಪರೀಕ್ಷೆ ಮಾಡಿಸಿದರು. ಮಳೆಗಾಲದಲ್ಲಿ ಹಿಂಡುಗಳು ಮೇಯುತ್ತಿದ್ದ ಪೂರ್ವದ ಬಯಲುಗಳು ಸರ್ಕಾರ ಯೋಚಿಸಿದ್ದ ಹೊಸ ಗಡಿಯ ಹೊರಗೆ ಉಳಿಯುತ್ತಿದ್ದವು!

ಕೆಲಸ ಮುಗಿಯುವ ಮೊದಲೇ ಘೋರವಾದ ದುರಂತ ಸಂಭವಿಸಿತು. 1959ರ ಜನವರಿ 10ರಂದು ಮೈಕೇಲನು ಒಬ್ಬನೇ ಹಾರುತ್ತಿದ್ದಾಗ ವಿಮಾನಕ್ಕೆ ರಣಹದ್ದೊಂದು ಬಡಿಯಿತು. ಇಪ್ಪತ್ತನಾಲ್ಕು ವರ್ಷದ ತರುಣನು ಪ್ರಾಣ ಕಳೆದುಕೊಂಡನು. ಗೊರೊಂಗೊರೊ ಜ್ವಾಲಾಮುಖಿಯ ಅಂಚಿನಲ್ಲಿ ಅವನನ್ನು ಮಣ್ಣುಮಾಡಿದರು. ಪುತ್ರಶೋಕದಲ್ಲಿಯೂ ತಂದೆ ಕೈಕಟ್ಟಿ ಕೂರಲಿಲ್ಲ. ಇಬ್ಬರೂ ಆರಂಭಿಸಿದ್ದ ಗ್ರಂಥವನ್ನೂ ಚಲನಚಿತ್ರವನ್ನೂ ಅದೇ ವರ್ಷ ಪೂರ್ಣಗೊಳಿಸಿದರು. ಚಿತ್ರಕ್ಕೆ 1960ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು.

ಆದರೂ ಸರ್ಕಾರವು 1959ರಲ್ಲಿ ಗೊರೊಂಗೊರೊ ಪ್ರದೇಶವನ್ನು ಉದ್ಯಾನದಿಂದ ಬೇರ್ಪಡಿಸಿತು. ಉತ್ತರದಲ್ಲಿ ಕೀನ್ಯದ ಗಡಿಯವರೆಗಿನ ಭೂಮಿಯನ್ನು ಹೊಸದಾಗಿ ಸೇರಿಸಿದ್ದರಿಂದ, ಬೇಸಗೆಯಲ್ಲಿ ಹಿಂಡುಗಳು ನೀರನ್ನರಸಿ ಹೋಗುವ ಹಾದಿಗೆ ರಕ್ಷಣೆ ದೊರಕಿತು. ಈ ವ್ಯವಸ್ಥೆಯಲ್ಲಿ ಅಲ್ಲಿ ದನ ಕಾಯುತ್ತಿದ್ದ ಮಸಾಯಿ ಜನರು ಸೆರೆಂಗೆಟಿಯನ್ನು ಬಿಟ್ಟು ಹೋಗಬೇಕಾಯಿತು. ಆ ಜನರ ನಷ್ಟವನ್ನು ಗ್ಜಿಮೆಕ್ ಅವರು ಸಾಕಷ್ಟು ಗಮನಿಸಲಿಲ್ಲವೆಂದೇ ಹೇಳಬೇಕು. ಮುಂದೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿ ದೊಡ್ಡರೋಗವನ್ನು ಅಡಗಿಸಿದ ಮೇಲೆ ವೈಲ್ಡ್‌ಬೀಸ್ಟ್‌ಗಳ ಸಂತತಿ ವೃದ್ಧಿಸಿ 1977ರ ವೇಳೆಗೆ ಹದಿಮೂರು ಲಕ್ಷವನ್ನು ಮುಟ್ಟಿತು.

ಗ್ಜಿಮೆಕ್ ಅವರು 1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಗೊರೊಂಗೊರೊಗೆ ಒಯ್ದು ಮಗನ ಸಮಾಧಿಯ ಪಕ್ಕದಲ್ಲಿ ಇರಿಸಲಾಯಿತು.