ರಾಜಾ ದೀನದಯಾಳ್

ಮದುವೆಯ ಮನೆಯಲ್ಲಿ ಐವತ್ತು ಜನರನ್ನು ಒಂದು ಪಟದೊಳಗೆ ಕೂರಿಸುವುದು ಊಟದ ಪಂಕ್ತಿಯಲ್ಲಿ ಕೂರಿಸುವುದಕ್ಕಿಂತ ಕಠಿಣವಾದ ಕಾರ್ಯ. ನಡುವೆ ಯಾರು, ಬಲಕ್ಕೆ ಯಾರು, ನಿಲ್ಲುವವರು ಯಾರು, ಮುಂದೆ ಜಮಖಾನದ ಮೇಲೆ ಕೂರುವವರು ಯಾರು? ಇಷ್ಟರಲ್ಲಿ ಒಂದು ತಪ್ಪಿದರೂ ಬೀಗರ ಮುನಿಸು ತಪ್ಪದು. ಈ ಕೆಲಸವನ್ನು ಕಲೆಯ ಪದವಿಗೇರಿಸಿದ ಭಾರತೀಯರಲ್ಲಿ ಲಾಲಾ ದೀನದಯಾಳರದು ದೊಡ್ಡ ಹೆಸರು. ಅವರ ಕ್ಯಾಮರಾದ ಮುಂದೆ ಕುಳಿತವರು ನಿಜಾಮರು, ಮಹಾರಾಜರು, ವೈಸರಾಯರು. ಆದರೆ ಸ್ಥಾನದ ವಿಷಯದಲ್ಲಿ ಅವರ ಮನಸ್ಸೂ ಬೀಗರ ಮನಸ್ಸಿನಷ್ಟೇ ಮೃದು.

ದೀನದಯಾಳರು 1844ರಲ್ಲಿ ಮೀರತ್ತಿನ ಸಮೀಪದ ಸರ್ಧಾನಾದಲ್ಲಿ, ಜೈನ ಮನೆತನವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, ಇಂದೂರಿನಲ್ಲಿ ಕಟ್ಟಡ ಕಾಮಗಾರಿಯ ಇಲಾಖೆಯನ್ನು ಸೇರಿದರು. ಅಂದಾಜು ಪಟ್ಟಿ ತಯಾರಿಸುವುದು, ನಕ್ಷೆ ಬರೆಯುವುದು ಅವರ ಉದ್ಯೋಗ. ಛಾಯಾಚಿತ್ರದ ಹವ್ಯಾಸ ಅಂಟಿದ್ದು 1874ರ ಸುಮಾರಿಗೆ. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರರ ಮತ್ತು ಬ್ರಿಟಿಷ್ ಪ್ರತಿನಿಧಿ ಸರ್ ಹೆನ್ರಿ ಡೇಲಿಯವರ ಪ್ರೋತ್ಸಾಹ ದೊರೆಯಿತು. ಮುಂದೆ ಸರ್ ಲೆಪೆಲ್ ಗ್ರಿಫಿನ್ನರೊಡನೆ ಮಧ್ಯಭಾರತವನ್ನು ಸುತ್ತಿ ದೇಗುಲಗಳನ್ನೂ ಕೋಟೆಗಳನ್ನೂ ಚಿತ್ರಿಸಿದರು. ಆ ಚಿತ್ರಗಳ ಸಂಪುಟ 1886ರಲ್ಲಿ ಪ್ರಕಟವಾಯಿತು. ಅವರ ಗುಂಪುಚಿತ್ರಗಳ ಸತ್ತ್ವವೆಲ್ಲ ಈ ಅಲೆದಾಟದಲ್ಲಿ ಹುಟ್ಟಿತೆಂದು ನನ್ನ ಎಣಿಕೆ. ಕಂಬಗಳ ಸಾಲನ್ನು ಅಳೆದು ನೋಡಿದ ಕಣ್ಣು ಮನುಷ್ಯರ ಸಾಲನ್ನೂ ಹಾಗೆಯೇ ನೋಡಿತು.

ಅಂದಿನ ಕಷ್ಟ ಎಂಥದೆಂಬುದನ್ನು ಇಂದಿನವರು ಊಹಿಸುವುದು ಸುಲಭವಲ್ಲ. ಅವರು ಕೆಲಸವನ್ನಾರಂಭಿಸಿದಾಗ ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಒಣ ಫಲಕಗಳು ಬಳಕೆಗೆ ಬಂದದ್ದು ಆಮೇಲೆ. ಕೆಲವು ಕ್ಷಣಗಳ ಕಾಲ ಎಲ್ಲರೂ ಅಲುಗದೆ ಇರಬೇಕು. ಮೂವತ್ತು ಮಂದಿಯಲ್ಲಿ ಒಬ್ಬನು ಕತ್ತು ತಿರುಗಿಸಿದರೂ ಆತನ ಮುಖವಿದ್ದೆಡೆಯಲ್ಲಿ ಮಂಜು ಮಾತ್ರ ಉಳಿಯುತ್ತದೆ. ಕುರ್ಚಿಗಳನ್ನು ನೇರವಾದ ಗೆರೆಯಲ್ಲಿಟ್ಟರೆ ತುದಿಯವರ ಮುಖ ಮಸುಕು. ಆದುದರಿಂದ ಸಾಲನ್ನು ಬಿಲ್ಲಿನಂತೆ ಬಾಗಿಸಿ, ಎರಡು ತುದಿಗಳನ್ನೂ ಸ್ವಲ್ಪ ಮುಂದಕ್ಕೆಳೆಯುವುದು ಆ ಕಾಲದ ಛಾಯಾಚಿತ್ರಕಾರರ ಕ್ರಮ. ಹಿಂದಿನ ಸಾಲಿಗೆ ಮೆಟ್ಟಿಲು, ಮುಂದಿನ ಸಾಲಿಗೆ ನೆಲ. ಅರಮನೆಗಳ ಮೆಟ್ಟಿಲುಗಳು ಈ ಕಾರ್ಯಕ್ಕೆಂದೇ ಕಟ್ಟಿದವೋ ಎಂಬಷ್ಟು ಒದಗಿಬಂದವು.

ಇನ್ನು ಬೆಳಕು. ನಡುಹಗಲಿನ ಬಿಸಿಲು ನೆತ್ತಿಯಿಂದ ಬಿದ್ದರೆ ಕಣ್ಣುಗಳು ಕುಳಿಗಳಾಗುತ್ತವೆ. ಪೇಟದ ನೆರಳು ಮೂಗಿನವರೆಗೆ ಇಳಿಯುತ್ತದೆ. ಅಂದಿನ ಫಲಕಗಳಿಗೆ ಇನ್ನೊಂದು ಕುಂದೂ ಉಂಟು. ನೀಲಿ ಬೆಳಕಿಗೆ ಬೇಗ ಸ್ಪಂದಿಸುವ ಅವು ಕೆಂಪಿಗೆ ಕುರುಡು. ಮದುಮಗಳ ಕೆಂಪು ಸೀರೆ ಕಪ್ಪಾಗಿಯೂ, ನಮ್ಮವರ ಮೈಬಣ್ಣ ಇದ್ದುದಕ್ಕಿಂತ ಕಂದಾಗಿಯೂ ಮೂಡುತ್ತಿದ್ದವು. ಬಿಳಿಯ ಅಂಗರಖಾ ಮಾತ್ರ ಮಡಿಕೆಗಳೆಲ್ಲ ಅಳಿಸಿಹೋಗುವಷ್ಟು ಬೆಳ್ಳಗೆ. ಮುಖವನ್ನು ಉಳಿಸಹೋದರೆ ಬಟ್ಟೆ ಹೋಗುತ್ತಿತ್ತು, ಬಟ್ಟೆಯನ್ನು ಉಳಿಸಹೋದರೆ ಮುಖ ಹೋಗುತ್ತಿತ್ತು. ಬಯಲಿನಲ್ಲಾದರೆ ಕಟ್ಟಡದ ನೆರಳು, ಸ್ಟುಡಿಯೋದಲ್ಲಾದರೆ ಗಾಜಿನ ಸೂರಿನಡಿಯ ಪರದೆ, ಇವೇ ಅದಕ್ಕೆ ಮದ್ದು. ದೀನದಯಾಳರ ಒಳ್ಳೆಯ ಚಿತ್ರಗಳಲ್ಲಿ ಜರಿಯ ಹೊಳಪೂ ಮುಖದ ಕಳೆಯೂ ಒಂದನ್ನೊಂದು ಕೊಲ್ಲದೆ ನಿಂತಿವೆ.

ಮುಂದೆ ಅವರು ಸರ್ಕಾರಿ ಕೆಲಸವನ್ನು ತೊರೆದು ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನವನ್ನು ಸೇರಿದರು. ನಮ್ಮ ಬೀದರ್, ಕಲಬುರ್ಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಸಿಕಂದರಾಬಾದಿನಲ್ಲಿ ಒಂದು ಸ್ಟುಡಿಯೋ, 1896ರಲ್ಲಿ ಮುಂಬಯಿಯಲ್ಲಿ ಮತ್ತೊಂದು. ನಿಜಾಮರು 1894ರಲ್ಲಿ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನು ದಯಪಾಲಿಸಿದರು. 1897ರಲ್ಲಿ ವಿಕ್ಟೋರಿಯಾ ರಾಣಿಯ ಛಾಯಾಚಿತ್ರಕಾರರೆಂಬ ಮನ್ನಣೆಯೂ ಬಂದಿತು. ಬಿರುದುಗಳ ಪಟ್ಟಿ ಇಷ್ಟು ಸಾಕು. ಪರಾಧೀನ ದೇಶದ ಪ್ರಜೆಯೊಬ್ಬನು ವೈಸರಾಯನಿಗೆ ಗದ್ದ ಸ್ವಲ್ಪ ಎತ್ತಿ, ಅಲುಗಬೇಡಿ ಎಂದು ಹೇಳಬಹುದಾಗಿದ್ದ ಜಾಗ ಅಂದು ಕ್ಯಾಮರಾದ ಹಿಂದುಗಡೆಯಲ್ಲದೆ ಬೇರೆಲ್ಲಿದ್ದೀತು?

ಆದರೆ ಅವರ ಕುಟುಂಬಚಿತ್ರಗಳಲ್ಲಿ ಅರ್ಧ ಕುಟುಂಬ ಇರಲಿಲ್ಲ. ಗೋಷಾ ಪದ್ಧತಿಯ ಮನೆತನಗಳಲ್ಲಿ ಗಂಡಸರ ಗುಂಪಿನೊಡನೆ ಹೆಂಗಸರು ಕೂರುವಂತಿರಲಿಲ್ಲ. ಪರಪುರುಷನ ಕ್ಯಾಮರಾದ ಮುಂದೆ ಬರುವ ಮಾತಂತೂ ದೂರ. ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗೆಂದೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ತೆರೆದು, ಅದರ ಮೇಲ್ವಿಚಾರಣೆಯನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ವಹಿಸಿದರು. ವ್ಯಾಪಾರದ ಜಾಣ್ಮೆ ಇದರಲ್ಲಿ ಇದ್ದೇ ಇದೆ. ಆದರೂ ತಾಯಿಯ ಮುಖ ಮಕ್ಕಳ ಮಕ್ಕಳಿಗೆ ಕಾಣಬೇಕಾದರೆ ಅಂದು ಬೇರೆ ದಾರಿ ಇರಲಿಲ್ಲ. ತಂದೆ ಒಂದು ಪಟದಲ್ಲಿ, ತಾಯಿ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ನೋಡುವ ಕೆಲಸ ಮನೆಯವರಿಗೇ ಬಿಟ್ಟದ್ದು.

1902ರಲ್ಲಿ ಕರ್ಜನ್ ದಂಪತಿಗಳು ವಾರಂಗಲ್ ಜಿಲ್ಲೆಯ ನೆಕೊಂಡದಲ್ಲಿ ಬೇಟೆಯಾಡಿ, ಸತ್ತ ಹುಲಿಯೊಡನೆ ತೆಗೆಯಿಸಿಕೊಂಡ ಚಿತ್ರ ಲೋಕಪ್ರಸಿದ್ಧವಾದುದು. ನನಗೆ ಅದು ಅಷ್ಟಾಗಿ ರುಚಿಸದು. ಸಂಯೋಜನೆ ನಿರ್ದುಷ್ಟವಾದರೂ ಅಲ್ಲಿ ನಿಜವಾಗಿ ಅಲುಗದೆ ಇರುವುದು ಹುಲಿಯೊಂದೇ. ಅದೇ ಕಾಲದ ಸುಮಾರಿಗೆ ಅವರ ಸಂಸ್ಥೆ ನಿಜಾಮರ ಸೀಮೆಯ ಕ್ಷಾಮಪರಿಹಾರದ ಕಾಮಗಾರಿಗಳನ್ನೂ ಚಿತ್ರಿಸಿತು. ಅಲ್ಲಿಯೂ ಗುಂಪೇ. ನಡುವಣ ಕುರ್ಚಿಯಿಲ್ಲ, ಜರಿಯಿಲ್ಲ. ಎಲುಬು ಎಣಿಸಬಹುದಾದ ಮೈಗಳ ಮೇಲೆ ಅರಮನೆಯ ಮೇಲೆ ಬಿದ್ದ ಬೆಳಕೇ ಬಿದ್ದಿದೆ. ದರ್ಬಾರಿನ ಆಲ್ಬಮ್ಮನ್ನು ನೋಡಿದವರು ಇದನ್ನೂ ನೋಡಬೇಕು.

ಜ್ಞಾನಚಂದ್, ಧರಮ್‌ಚಂದ್ ಎಂಬ ಇಬ್ಬರು ಮಕ್ಕಳೂ ಅದೇ ವೃತ್ತಿಯಲ್ಲಿ ತಂದೆಗೆ ನೆರವಾದವರು. ಇವರಲ್ಲಿ ಧರಮ್‌ಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ ಜುಲೈ 5ರಂದು ತಂದೆಯೂ ಹೋದರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಅವರ 2,857 ಗಾಜಿನ ಫಲಕಗಳನ್ನು ಪಡೆದುಕೊಂಡಿತು. ಇಂಥ ಗುಂಪುಚಿತ್ರಗಳಲ್ಲಿ ನಡುವಣ ಕುರ್ಚಿಯವರ ಹೆಸರನ್ನು ಹುಡುಕುವುದು ಕಷ್ಟವಲ್ಲ. ಕೊನೆಯಲ್ಲಿ ಛತ್ರಿ ಹಿಡಿದು, ಉಸಿರು ಬಿಗಿಹಿಡಿದು ನಿಂತ ಆಳಿನ ಮುಖವೂ ಅಷ್ಟೇ ನಿಚ್ಚಳವಾಗಿದೆ. ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.