ಹಾಯಿಯ ಹಾಸುಹೊಕ್ಕು: ನಥಾನಿಯಲ್ ಹೆರೆಶಾಫ್

ವಿಜ್ಞಾನಿಗಳ ಪರಿಚಯ ಎಂದ ಕೂಡಲೇ ನಾವು ಪ್ರಶಿಕ್ಷಣಾರ್ಥಿಗಳು ನ್ಯೂಟನ್, ಗೆಲಿಲಿಯೊ, ರಾಮನ್ ಇವರಲ್ಲೇ ಸುತ್ತುತ್ತೇವೆ. ಬಲ ಮತ್ತು ಚಲನೆಯ ಪಾಠಕ್ಕೆ ಒಬ್ಬ ದೋಣಿ ವಿನ್ಯಾಸಕಾರರ ಬದುಕೂ ಚೆನ್ನಾಗಿ ಹೊಂದುತ್ತದೆ.

ನಥಾನಿಯಲ್ ಹೆರೆಶಾಫ್ ಹುಟ್ಟಿದ್ದು 1848ರ ಮಾರ್ಚ್ 18ರಂದು, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಬ್ರಿಸ್ಟಲ್ ಎಂಬ ಕಡಲ ಊರಿನಲ್ಲಿ. ಅಣ್ಣ ಜಾನ್ ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡರು. ಆದರೂ ದೋಣಿ ಕಟ್ಟುವುದನ್ನು ಬಿಡಲಿಲ್ಲ. ನೀರಿನ ಮೇಲೆ ಅಣ್ಣನಿಗೆ ಕಣ್ಣಾದವರು ಈ ತಮ್ಮ. ಮುಂದೆ ತಮ್ಮ ಮರದಲ್ಲಿ ಕೆತ್ತಿದ ಅರ್ಧ ಮಾದರಿಯ ಮೇಲೆ ಅಣ್ಣ ಬೆರಳಾಡಿಸಿ ಅದರ ಗುಣದೋಷ ಹೇಳುತ್ತಿದ್ದರು. ನಮ್ಮ ಸಮನ್ವಯ ಶಿಕ್ಷಣದ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಂ.ಐ.ಟಿ.ಯಲ್ಲಿ ಓದಿ, ಕಾರ್ಲಿಸ್ ಎಂಬ ಉಗಿಯಂತ್ರ ಕಂಪನಿಯಲ್ಲಿ ಕೆಲಸಕ್ಕಿದ್ದಾಗಲೇ ಹೆರೆಶಾಫ್ ಎರಡು ಸಪೂರ ಒಡಲುಗಳನ್ನು ಜೋಡಿಸಿ 'ಅಮರಿಲ್ಲಿಸ್' ಎಂಬ ಕಟಮರಾನ್ ಮಾಡಿದರು. ಕಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು. ಕಟ್ಟು, ಮರ ಎರಡೂ ಕನ್ನಡ ಮಕ್ಕಳಿಗೆ ಗೊತ್ತಿರುವ ಪದಗಳೇ. ಆದರೆ ಮೂಲದ ಕಟ್ಟುಮರ ದಿಮ್ಮಿಗಳನ್ನು ಕಟ್ಟಿದ ತೆಪ್ಪ, ಜೋಡಿ ದೋಣಿಯಲ್ಲ. 1876ರ ಜೂನ್‌ನಲ್ಲಿ ನ್ಯೂಯಾರ್ಕಿನ ಪಂದ್ಯಕ್ಕೆ ಅಮರಿಲ್ಲಿಸ್ ಇಳಿಯಿತು. ಗಾಳಿ ಸಣ್ಣಗಿದ್ದಾಗ ಅದರದ್ದೇನೂ ವಿಶೇಷವಿರಲಿಲ್ಲ. ಗಾಳಿ ಏರಿದ ಮೇಲೆ ಉಳಿದ ದೋಣಿಗಳನ್ನು ನಿಂತಲ್ಲೇ ಬಿಟ್ಟಂತೆ ದಾಟಿ ಗೆದ್ದಿತು. ಸೋತವರು ತಕರಾರು ಎತ್ತಿದರು, ಗೆಲುವು ರದ್ದಾಯಿತು, ಕಟಮರಾನ್‌ಗಳನ್ನೇ ಪಂದ್ಯಗಳಿಂದ ಹೊರಗಿಟ್ಟರು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮರುವರ್ಷ ಪೇಟೆಂಟ್ ಸಿಕ್ಕಿತಾದರೂ ಓಡಿಸಲು ಪಂದ್ಯವೇ ಇಲ್ಲದ ದೋಣಿ ಅದು. 1878ರಲ್ಲಿ ಅವರು ಅಣ್ಣನ ಜೊತೆ ಕಂಪನಿ ಶುರುಮಾಡಿ ಒಂಟಿ ಒಡಲಿನ ದೋಣಿಗಳತ್ತ ತಿರುಗಿದರು. 1893ರಿಂದ 1920ರವರೆಗೆ ಅಮೆರಿಕಾಸ್ ಕಪ್ ಉಳಿಸಿಕೊಂಡ ಐದು ದೋಣಿಗಳೂ ಅವರ ವಿನ್ಯಾಸಗಳೇ. ಅವುಗಳಲ್ಲಿ 1903ರ 'ರಿಲಯನ್ಸ್' ಹೊತ್ತ ಹಾಯಿಯ ವಿಸ್ತೀರ್ಣ ಸುಮಾರು 1,500 ಚದರ ಮೀಟರ್.

ತರಗತಿಗೆ ಒಯ್ಯಬೇಕಾದದ್ದು ಆ ಹಾಯಿಯ ಬಟ್ಟೆಯನ್ನು. ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಹತ್ತಿಯ ಕರವಸ್ತ್ರ ಕೊಟ್ಟೆ. ಎಳೆಯ ಗುಂಟ ಎಳೆದರೆ ಅದು ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಹಾಯಿಕಂಬದ ಮುಂದೆ ಕಟ್ಟುವ ಮುಂಹಾಯಿ ತ್ರಿಕೋನಾಕಾರದ್ದು. ಮೂರು ಅಂಚಿಗೂ ಎಳೆ ಹೊಂದಿಸಲಾಗದು. ಹಿಂದಿನವರು ಬಟ್ಟೆಯ ಪಟ್ಟಿಗಳನ್ನು ಹಿಂದಿನ ಅಂಚಿಗೆ ಸಮಾಂತರವಾಗಿ ಹೊಲಿಯುತ್ತಿದ್ದರು, ಹೊಲಿಗೆಗಳು ಗಾಳಿಗೆ ಅಡ್ಡ ಬರುತ್ತಿದ್ದವು. ಪಟ್ಟಿಗಳನ್ನು ಆ ಅಂಚಿಗೆ ಲಂಬವಾಗಿ ತಿರುಗಿಸಿದ ಕೀರ್ತಿ ಹೆರೆಶಾಫ್‌ರದು. ಆಗ ಹೊಲಿಗೆ ಗಾಳಿ ಜಾರುವ ದಿಕ್ಕಿಗೆ ಬಂತು, ಹೊಕ್ಕಿನ ಎಳೆ ಅಂಚಿನ ಗುಂಟ ನಿಂತು ಭಾರ ಹೊತ್ತಿತು. ಸಣ್ಣ ಗಾಳಿಗೆ ಇದು ಮುಖ್ಯ. ದಪ್ಪ ಬಟ್ಟೆ ತನ್ನ ತೂಕಕ್ಕೇ ಜೋತುಬೀಳುತ್ತದೆ, ತೆಳು ಬಟ್ಟೆ ಜಗ್ಗಿ ಆಕಾರ ಕೆಡುತ್ತದೆ. ಎಳೆ ಸರಿಯಾದ ದಿಕ್ಕಿನಲ್ಲಿದ್ದರೆ ತೆಳು ಬಟ್ಟೆಯೇ ಸಾಕು.

85ರ ವಯಸ್ಸಿನಲ್ಲಿ, 1933ರಲ್ಲಿ, ಮಗ ಸಿಡ್ನಿಯೊಡನೆ ಸೇರಿ ಅವರು 'ಅಮರಿಲ್ಲಿಸ್ 2' ಎಂಬ ಕಟಮರಾನ್ ರೂಪಿಸಿದರು. ಐವತ್ತೇಳು ವರ್ಷವಾದರೂ ಆ ಆಸೆ ಬಿಟ್ಟಿರಲಿಲ್ಲ. 1938ರ ಜೂನ್ 2ರಂದು ತೀರಿಕೊಂಡರು.

2013ರ ಅಮೆರಿಕಾಸ್ ಕಪ್ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕಟಮರಾನ್‌ಗಳ ನಡುವೆಯೇ. ಅವು ಫಾಯಿಲ್ ಎಂಬ ನೀರೊಳಗಿನ ರೆಕ್ಕೆಗಳ ಮೇಲೆ ನಿಂತು ಒಡಲನ್ನು ನೀರಿನಿಂದ ಎತ್ತಿ ಓಡುತ್ತಿದ್ದವು. ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ವೇಗ ಅರ್ಧವಾದರೆ ಬಲ ಕಾಲು ಭಾಗ. ಸಣ್ಣ ಗಾಳಿಯಲ್ಲಿ ಒಡಲು ನೀರಿಗಿಳಿದರೆ ಎರಡು ಒಡಲಿನ ಎಳೆತವೂ ಸೇರಿಕೊಳ್ಳುತ್ತದೆ. ಮೇಲೆದ್ದೇಳಲು ದೊಡ್ಡ ಮುಂಹಾಯಿ ಬೇಕು. ಎದ್ದ ಮೇಲೆ ದೋಣಿಯ ಸ್ವಂತ ವೇಗದಿಂದಾಗಿ ಗಾಳಿ ಮುಂದಿನಿಂದ ಬಂದಂತಾಗುತ್ತದೆ, ಆಗ ಹೊಟ್ಟೆಯುಬ್ಬಿದ ಹಾಯಿಯೇ ತಡೆ. ಹೀಗಾಗಿ ಅದು ದೊಡ್ಡದಿರಬೇಕು, ಹಗುರವಿರಬೇಕು, ಜಗ್ಗದೆ ಚಪ್ಪಟೆಯಾಗಿಯೂ ಇರಬೇಕು. ಇಂದು ನೇಯ್ದ ಬಟ್ಟೆಯ ಬದಲು ಬಲದ ರೇಖೆಗಳ ಗುಂಟವೇ ನಾರುಗಳನ್ನು ಇಟ್ಟು ಅಂಟಿಸುತ್ತಾರೆ. ಹೆರೆಶಾಫ್ ಪಟ್ಟಿ ತಿರುಗಿಸಿದ ಯೋಚನೆಯೇ ಮುಂದುವರಿದದ್ದು.

ಆ ಸೆಪ್ಟೆಂಬರ್ 20ರಂದು ಕಪ್‌ಗೆ ಒಂದೇ ಗೆಲುವು ಬಾಕಿ ಇದ್ದ ನ್ಯೂಜಿಲೆಂಡ್ ತಂಡ ಬಹಳ ಮುಂದಿತ್ತು. ಗಾಳಿ ಮಾತ್ರ ಸಾಲಲಿಲ್ಲ. ಗುರಿ ತಲುಪುವ ಮೊದಲೇ 40 ನಿಮಿಷಗಳ ಗಡುವು ಮುಗಿದು ಪಂದ್ಯ ರದ್ದಾಯಿತು. ಅಲ್ಲಿಂದ ಮುಂದಿನ ಪಂದ್ಯಗಳನ್ನೆಲ್ಲ ಗೆದ್ದ ಅಮೆರಿಕದ ತಂಡ 9–8ರಿಂದ ಕಪ್ ಉಳಿಸಿಕೊಂಡಿತು.