ಚಿತ್ರಕಾರ ಅಂತೋನಿಯೊ ಮೊಸ್ಕೇನಿಯವರ ಜೀವಿತ

ಲಕ್ಷ್ಮೇಶ್ವರದ ಸೀಮೆಯಿಂದ ಮಂಗಳೂರಿಗೆ ಹೋಗಿಬಂದ ನಮ್ಮ ವಾಚಕರಲ್ಲಿ ಕೆಲವರು ಅಲ್ಲಿಯ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ದೇವಾಲಯವನ್ನು ನೋಡಿರಬಹುದು. ಅದರ ಗೋಡೆಗಳಲ್ಲಿಯೂ ಮೇಲ್ಛಾವಣಿಯಲ್ಲಿಯೂ ಚಿತ್ರವಿಲ್ಲದ ಸ್ಥಳವನ್ನು ಹುಡುಕಬೇಕಾಗುವದು. ಅವುಗಳನ್ನು ಬರೆದ ಮೊಸ್ಕೇನಿಯವರು ರೋಮನ್ ಕಥೋಲಿಕ ಸಭೆಗೆ ಸೇರಿದವರು. ನಮ್ಮ ದೇವಾಲಯಗಳ ಗೋಡೆಗಳಾದರೋ ಬರಿಯ ಸುಣ್ಣದವು. ಅದಕ್ಕೆ ಕಾರಣಗಳುಂಟು, ಆ ಚರ್ಚೆ ಇಲ್ಲಿ ಬೇಡ. ಆದರೂ ಇವರು ತಮ್ಮ ಕಸಬನ್ನು ಕಲಿತ ಬಗೆಯು ತಿಳಿಯತಕ್ಕದ್ದೆಂದು ಎಣಿಸುತ್ತೇವೆ.

ಇವರು ೧೮೫೪ನೆಯ ಇಸವಿ ಜನವರಿ ೧೭ರಂದು ಇಟಲಿ ದೇಶದ ಬೆರ್ಗಮೊ ಪಟ್ಟಣದ ಬಳಿಯ ಸ್ಟೆಟ್ಸಾನೊ ಎಂಬ ಊರಲ್ಲಿ ಜನಿಸಿದರು. ಬೆರ್ಗಮೊದ ಕರ್ರಾರ ಕಲಾಶಾಲೆಯಲ್ಲಿ ಚಿತ್ರವಿದ್ಯೆಯನ್ನು ಕಲಿತರು. ಆ ಶಾಲೆಯ ಸಂಗಡ ಹಳೆಯ ಚಿತ್ರಗಳ ಭಂಡಾರವೂ ಇತ್ತು. ೧೬ನೆಯ ಶತಮಾನದ ಮೊರೋನಿ ಎಂಬವನು ಬರೆದ ಮುಖಚಿತ್ರಗಳು ಅದರಲ್ಲಿದ್ದವು. ಈ ಮೊರೋನಿಯು ದೊಡ್ಡವರನ್ನು ಮಾತ್ರವಲ್ಲ, ಕತ್ತರಿ ಹಿಡಿದು ನಿಂತ ಒಬ್ಬ ಸಿಂಪಿಗನನ್ನೂ ಅಷ್ಟೇ ಗೌರವದಿಂದ ಚಿತ್ರಿಸಿದವನು. ಆ ಚಿತ್ರವು ಈಗ ಲಂಡನಿನಲ್ಲಿದೆ.

ಆ ಕಾಲದ ಕಲಾಶಾಲೆಗಳಲ್ಲಿ ಶಿಷ್ಯನು ಹಿರಿಯರ ಚಿತ್ರದ ಮುಂದೆ ಕುಳಿತು ಮೊದಲು ರೇಖೆಗಳನ್ನು, ಆಮೇಲೆ ನೆರಳು ಬೆಳಕನ್ನು, ಕಡೆಗೆ ಬಣ್ಣವನ್ನು ನಕಲು ಮಾಡುವದು ವಾಡಿಕೆಯಾಗಿತ್ತು. ಇದು ಕಳ್ಳತನವಲ್ಲವೇ ಎಂದು ಯಾರಾದರೂ ಕೇಳಾರು. ನಮ್ಮ ಮಕ್ಕಳು ಮಾಸ್ತರರು ಬರೆದುಕೊಟ್ಟ ಅಕ್ಷರವನ್ನು ತಿದ್ದಿಯೇ ಅಲ್ಲವೇ ಬರೆಯಲು ಕಲಿಯುವದು? ತಿದ್ದಿ ತಿದ್ದಿ ಕೈ ಕುದುರಿದ ಮೇಲೆ ತನ್ನ ಅಕ್ಷರವು ತನಗೆ ಬರುವದು. ಮೊಸ್ಕೇನಿಯವರು ರೋಮಿಗೂ ಹೋಗಿ, ಮೈಕೆಲಾಂಜೆಲೊ ಎಂಬವನು ೧೫೦೮ರಿಂದ ೧೫೧೨ರ ವರೆಗೆ ಬರೆದ ಮೇಲ್ಛಾವಣಿಯ ಚಿತ್ರಗಳನ್ನು ಅಭ್ಯಾಸ ಮಾಡಿದರು.

೧೮೮೯ರಲ್ಲಿ, ತಮ್ಮ ೩೫ನೆಯ ವಯಸ್ಸಿನಲ್ಲಿ, ಇವರು ಯೇಸುಸಂಘವನ್ನು ಸೇರಿದರು. ಪಾದ್ರಿಗಳಾಗಲಿಲ್ಲ, ಕೈಕೆಲಸದ ಸಹೋದರರಾಗಿಯೇ ಉಳಿದರು. ಮಂಗಳೂರಿನ ದೇವಾಲಯದ ಕೆಲಸವು ೧೮೯೯ರಿಂದ ೧೯೦೧ರ ವರೆಗೆ ನಡೆಯಿತು. ಕೆಲವು ಚಿತ್ರಗಳನ್ನು ಬಟ್ಟೆಯ ಮೇಲೆ ಎಣ್ಣೆಬಣ್ಣದಿಂದಲೂ ಕೆಲವನ್ನು ಹಸಿ ಗಾರೆಯ ಮೇಲೆಯೂ ಬರೆದರು. ಹಸಿ ಗಾರೆಯ ಕೆಲಸವು ಬಲು ಕಠಿಣ. ಎರೆಯ ಹೊಲದಲ್ಲಿ ಬಿತ್ತುವವನು ಹದ ನೋಡುವಂತೆ ಸುಣ್ಣದ ಹದ ನೋಡಬೇಕು. ಅದು ಆರುವದರೊಳಗೆ ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚಿದರೆ ಬಣ್ಣವು ಸುಣ್ಣದೊಳಗೇ ಸೇರಿ ಗಟ್ಟಿಯಾಗುವದು. ತಪ್ಪಿದರೆ ಒರಸಿ ತೆಗೆಯಲಾಗದು. ಗಾರೆಯನ್ನೇ ಕೆತ್ತಿ ಹೊಸದಾಗಿ ಮೆತ್ತಬೇಕು.

ಲಿಯೊನಾರ್ದೊ ದ ವಿಂಚಿ ಎಂಬ ಮಹಾಚಿತ್ರಕಾರನಿಗೆ ಈ ಅವಸರವು ಒಗ್ಗಲಿಲ್ಲ. ಅವನು ಸುಮಾರು ೧೪೯೫ರಿಂದ ೧೪೯೮ರ ವರೆಗೆ ಮಿಲಾನಿನ ಒಂದು ಮಠದ ಊಟದ ಕೋಣೆಯಲ್ಲಿ ಕರ್ತನ ಕಡೇ ಭೋಜನವನ್ನು ಒಣಗೋಡೆಯ ಮೇಲೆ ಬರೆದನು. ಅವನು ಬದುಕಿರುವಾಗಲೇ ಬಣ್ಣವು ಉದುರತೊಡಗಿತು. ಆ ಚಿತ್ರದಲ್ಲಿ ತಮ್ಮಲ್ಲೊಬ್ಬನು ದ್ರೋಹಿಯೆಂಬ ಒಂದೇ ಮಾತು ಹನ್ನೆರಡು ಮುಖಗಳಲ್ಲಿ ಹನ್ನೆರಡು ವಿಧವಾಗಿ ಕಾಣುತ್ತದೆ. ಪೇತ್ರನು ಮುಂದಕ್ಕೆ ಬಾಗುತ್ತಾನೆ, ತೋಮನು ಬೆರಳೆತ್ತುತ್ತಾನೆ, ಯೂದನು ಹಣದ ಚೀಲವನ್ನು ಬಿಗಿಹಿಡಿಯುತ್ತಾನೆ. ಹಿಂದಿನವರು ಅನೇಕರು ಯೂದನನ್ನು ಮೇಜಿನ ಈಚೆ ಒಬ್ಬಂಟಿಗನಾಗಿ ಕೂರಿಸುತ್ತಿದ್ದರು. ಲಿಯೊನಾರ್ದೊ ಅವನನ್ನು ಉಳಿದವರ ಸಾಲಿನಲ್ಲಿಯೇ ಇಟ್ಟನು. ಇದು ನಮ್ಮನ್ನು ಬಹಳ ಚುಚ್ಚುತ್ತದೆ.

ಕೊಚ್ಚಿಯ ಸಾಂತಾ ಕ್ರೂಜ್ ದೇವಾಲಯದ ಚಿತ್ರಗಳ ಕೆಲಸವು ಬಂದಾಗ ಮೊಸ್ಕೇನಿಯವರು ಕಡೇ ಭೋಜನಕ್ಕೆ ಈ ಚಿತ್ರವನ್ನೇ ಮಾದರಿಯಾಗಿ ತೆಗೆದುಕೊಂಡರು. ಮಂಗಳೂರಿನ ಆ ಮೇಲ್ಛಾವಣಿಯನ್ನೆಲ್ಲಾ ತುಂಬಿದವರು ಐವತ್ತರ ವಯಸ್ಸಿನಲ್ಲಿ ಪುನಃ ತಿದ್ದುವವರಾದರು. ಮಂಗಳೂರಿನ ದೆ ಗಾಮ ಎಂಬ ಶಿಷ್ಯನು ಅವರ ಸಂಗಡ ಅಲ್ಲಿ ಕೆಲಸಮಾಡಿದನು.

ಆ ದೇವಾಲಯದ ಪ್ರತಿಷ್ಠೆಯು ೧೯೦೫ನೆಯ ನವಂಬರ ೧೯ರಂದು ನಡೆಯಿತು. ಮೊಸ್ಕೇನಿಯವರು ಅದಕ್ಕೆ ನಾಲ್ಕು ದಿನ ಮುಂಚೆ ಕೊಚ್ಚಿಯಲ್ಲಿಯೇ ತೀರಿಕೊಂಡಿದ್ದರು.